‘ನೀಡಲಾಗುತ್ತಿದೆ’ ಅಂದರೆ ಯಾರು, ಯಾರಿಗೆ?

ನಮಸ್ಕಾರ.

‘ಯೂರಿಯಾ ಸಬ್ಸಿಡಿ ನಿಲ್ಲಲಿ’ ಎಂಬ ನಿಮ್ಮ ಲೇಖನ ತಲುಪಿದೆ. ಭಾಷೆಗೆ ಓಟವಿದೆ, ವಿಷಯದ ಮೇಲೆ ಅಕ್ಕರೆಯಿದೆ. ಸರ್ಕಾರದ ಕೈ ಮೊಟಕಾಗಬೇಕು ಅನ್ನುವ ಲಿಬರ್ಟೇರಿಯನ್ ನಿಲುವನ್ನು ಕನ್ನಡದಲ್ಲಿ ಅಂಜದೆ ಬರೆಯುವವರು ಕಡಿಮೆ. ಆ ನಿಲುವು ನನ್ನದೂ ಹೌದು. ಅದಕ್ಕೇ ನಿಮ್ಮ ಲೇಖನ ಓದಿ ನನಗೆ ಸಿಟ್ಟು ಬಂತು. ಒಳ್ಳೆಯ ವಾದವೊಂದನ್ನು ನೀವು ಎದುರಾಳಿಯ ಕೈಗೆ ಕೊಟ್ಟುಬಿಟ್ಟಿದ್ದೀರಿ. ಈಗಿರುವ ಹಾಗೆ ಅಚ್ಚು ಹಾಕಲಾರೆ. ಎರಡು ದೋಷಗಳನ್ನಷ್ಟೇ ಹಿಡಿದು ಬರೆಯುತ್ತೇನೆ.

ನಿಮ್ಮ ಮೊದಲ ಸಾಲು: “ರೈತರಿಗೆ ಪ್ರತಿವರ್ಷ ಲಕ್ಷಾಂತರ ಕೋಟಿ ರೂಪಾಯಿ ಗೊಬ್ಬರ ಸಬ್ಸಿಡಿ ನೀಡಲಾಗುತ್ತಿದೆ.”

ನೀಡುವವರು ಯಾರು? ವಾಕ್ಯದಲ್ಲಿ ಕರ್ತೃವೇ ಇಲ್ಲ. ಪಡೆಯುವವರು ‘ರೈತರು’ ಅಂದಿದ್ದೀರಿ, ಅದು ತಪ್ಪು. ಕೇಂದ್ರದ ರಸಗೊಬ್ಬರ ಇಲಾಖೆ ದುಡ್ಡು ಕೊಡುವುದು ಕಂಪನಿಗೆ. 2018ರಿಂದ ಅದರ ಕ್ರಮ ಹೀಗಿದೆ: ಸೊಸೈಟಿಯವರೋ ಗೊಬ್ಬರದ ಅಂಗಡಿಯವರೋ ರೈತನ ಆಧಾರ್ ಸಂಖ್ಯೆ ಹಾಕಿ, ಹೆಬ್ಬೆಟ್ಟು ಒತ್ತಿಸಿಕೊಂಡು, ಪಿಒಎಸ್ ಯಂತ್ರದಲ್ಲಿ ಮಾರಾಟ ದಾಖಲಿಸುತ್ತಾರೆ. ಆ ದಾಖಲೆಯ ಮೇಲೆ ಸಬ್ಸಿಡಿ ಕಂಪನಿಯ ಖಾತೆಗೆ ಹೋಗುತ್ತದೆ. ಇದಕ್ಕೆ ಇಟ್ಟ ಹೆಸರು ‘ನೇರ ನಗದು ವರ್ಗಾವಣೆ’. ರೈತನ ಖಾತೆಗೆ ಒಂದು ರೂಪಾಯಿಯೂ ಬರುವುದಿಲ್ಲ. ನಿಮ್ಮ ನಾಲ್ಕನೇ ಪ್ಯಾರಾದಲ್ಲಿ “ನೇರ ನಗದು ವರ್ಗಾವಣೆಯ ನಂತರವೂ ರೈತರು ಪಾಠ ಕಲಿತಿಲ್ಲ” ಎಂದಿದೆ. ಸರ್ಕಾರ ಇಟ್ಟ ಹೆಸರನ್ನು ನಂಬಿ, ಕೈಗೆ ಬಾರದ ಹಣಕ್ಕೆ ರೈತನನ್ನು ಬೈದಿದ್ದೀರಿ.

ಆ ಮೊದಲ ಸಾಲನ್ನು ಹೀಗೆ ಬರೆದು ನೋಡಿ: “45 ಕೆಜಿ ಯೂರಿಯಾ ಚೀಲವನ್ನು 266 ರೂಪಾಯಿ 50 ಪೈಸೆಗಿಂತ ಹೆಚ್ಚಿಗೆ ಮಾರಕೂಡದೆಂದು ಕೇಂದ್ರ ಸರ್ಕಾರ ದರ ಕಟ್ಟಿದೆ. ಕಾರ್ಖಾನೆಯ ಖರ್ಚಿಗೂ ಈ ದರಕ್ಕೂ ಇರುವ ಅಂತರವನ್ನು ಅದೇ ಸರ್ಕಾರ ತೆರಿಗೆ ಹಣದಿಂದ ಕಾರ್ಖಾನೆಗೆ ತುಂಬಿಕೊಡುತ್ತದೆ.” ಹೀಗೆ ಬರೆದ ಕೂಡಲೇ ಮುಂದಿನ ಪ್ರಶ್ನೆಗಳು ತಾವಾಗಿ ಏಳುತ್ತವೆ. ಖರ್ಚನ್ನು ಲೆಕ್ಕ ಹಾಕುವವರು ಯಾರು? 1977ರ ಧಾರಣ ಬೆಲೆ ಪದ್ಧತಿಯಲ್ಲಿ ಒಂದೊಂದು ಕಾರ್ಖಾನೆಗೂ ಅದರದ್ದೇ ಖರ್ಚಿನ ಲೆಕ್ಕ, ಮೇಲೆ ನಿಗದಿತ ಲಾಭ. 2003ರ ಬಳಿಕ ನಿಯಮ ಬಿಗಿಯಾದವು, ಖರ್ಚು ತುಂಬಿಕೊಡುವ ತಳಹದಿ ಮಾತ್ರ ಉಳಿದುಕೊಂಡಿತು. ಆಮದು ಮಾಡುವವರು ಯಾರು? ಸರ್ಕಾರ ಗೊತ್ತು ಮಾಡಿದ ಸಂಸ್ಥೆಗಳು, ಸರ್ಕಾರದ ಲೆಕ್ಕದಲ್ಲಿ. ಯಾವ ರಾಜ್ಯಕ್ಕೆ ಯಾವ ತಿಂಗಳು ಎಷ್ಟು ಟನ್ ಎಂದು ಹಂಚುವುದೂ ದೆಹಲಿಯಲ್ಲೇ. ಮುಂಗಾರಿನಲ್ಲಿ ಸೊಸೈಟಿ ಮುಂದೆ ಸರದಿ ಬೆಳೆಯುವುದು, “ಯೂರಿಯಾ ಬೇಕಾದರೆ ಈ ಬಾಟಲಿಯನ್ನೂ ತಗೋ” ಎಂದು ಅಂಗಡಿಯವರು ಲಿಂಕ್ ಹಾಕುವುದು, ಎರಡೂ ಹುಟ್ಟುವುದು ಇಲ್ಲಿಂದ. ಲಿಬರ್ಟೇರಿಯನ್ ಲೇಖನಕ್ಕೆ ಇದಕ್ಕಿಂತ ಒಳ್ಳೆಯ ಸರಕು ಎಲ್ಲಿ ಸಿಗುತ್ತದೆ? ನಿಮ್ಮ ‘ಲಾಗುತ್ತಿದೆ’ ಅದನ್ನೆಲ್ಲ ಮುಚ್ಚಿಹಾಕಿದೆ.

ಲೇಖನದುದ್ದಕ್ಕೂ ‘ಲಾಗಿದೆ’, ‘ಲಾಗುತ್ತಿದೆ’, ‘ಲ್ಪಟ್ಟ’ ಎಣಿಸಿದೆ. ಹತ್ತೊಂಬತ್ತು. ನನಗೆ ಕೆಲಸ ಕಲಿಸಿದ ಹಿರಿಯರು ಕರಡಿನ ಪ್ರತಿಯೊಂದು ‘ಲಾಗಿದೆ’ ಕೆಳಗೂ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಯಾರು?’ ಎಂದು ಬರೆದು ವಾಪಸ್ ಕೊಡುತ್ತಿದ್ದರು. ಕರ್ತೃ ಸಿಗದಿದ್ದರೆ ಹುಡುಕಿಕೊಂಡು ಬಾ, ಅಲ್ಲಿವರೆಗೆ ಆ ಸಾಲು ಬೇಡ ಅನ್ನುತ್ತಿದ್ದರು. ಗೊಬ್ಬರದ ಸುದ್ದಿಯಾದರೆ ಚೀಲದ ಲೆಕ್ಕವನ್ನು ಕಿಲೋ ಪೋಷಕಾಂಶಕ್ಕೂ ಎಕರೆಗೂ ಇಳಿಸುವ ತನಕ ಮುಟ್ಟುತ್ತಲೇ ಇರಲಿಲ್ಲ. ಆ ಲೆಕ್ಕವನ್ನು ನಿಮ್ಮ ಮುಂದಿನ ಸಾಲಿಗೆ ಹಾಕುತ್ತೇನೆ.

“ಅಗ್ಗವೆಂದು ರೈತರು ಮನಬಂದಂತೆ ಯೂರಿಯಾ ಸುರಿಯುತ್ತಾರೆ, ಈ ದುರಾಸೆಗೆ ಕಡಿವಾಣ ಬೇಕು.”

ಯೂರಿಯಾದಲ್ಲಿ ಶೇ 46 ಸಾರಜನಕ. 45 ಕೆಜಿ ಚೀಲದಲ್ಲಿ 20.7 ಕೆಜಿ. ಕಿಲೋ ಸಾರಜನಕಕ್ಕೆ ಸುಮಾರು 13 ರೂಪಾಯಿ ಬಿತ್ತು. ಡಿಎಪಿ ಎಂಬ ರಂಜಕದ (ಫಾಸ್ಫರಸ್) ಗೊಬ್ಬರದ 50 ಕೆಜಿ ಚೀಲಕ್ಕೆ 1,350 ರೂಪಾಯಿ. ಅದರಲ್ಲಿ 9 ಕೆಜಿ ಸಾರಜನಕ, 23 ಕೆಜಿ ರಂಜಕ. ಸಾರಜನಕದ ಬಾಬ್ತು 13ರಂತೆ ಕಳೆದರೆ ಕಿಲೋ ರಂಜಕಕ್ಕೆ ಸುಮಾರು 54 ರೂಪಾಯಿ. 13 ರೂಪಾಯಿಯದನ್ನು ಒಂದು ಹಿಡಿ ಹೆಚ್ಚು ಹಾಕಿ 54ರದ್ದನ್ನು ಹಿಡಿತ ಮಾಡುವ ರೈತ ದುರಾಸೆಯವನೇ? ನೀವಾದರೂ ಹಾಗೇ ಮಾಡುತ್ತೀರಿ. 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ರಂಜಕ, ಪೊಟ್ಯಾಷ್ ಗೊಬ್ಬರಗಳನ್ನು ಪೋಷಕಾಂಶ ಆಧಾರಿತ ಸಬ್ಸಿಡಿಗೆ (ಕಿಲೋ ಪೋಷಕಾಂಶಕ್ಕೆ ಇಷ್ಟೆಂದು ಕಟ್ಟಿದ ಸಬ್ಸಿಡಿ) ತಂದು ಅವುಗಳ ದರವನ್ನು ಕಂಪನಿಗಳಿಗೆ ಬಿಟ್ಟುಕೊಟ್ಟಿತು, ಯೂರಿಯಾವನ್ನು ಮಾತ್ರ ಹೊರಗಿಟ್ಟಿತು. ದೇಶದ ಸಾರಜನಕ, ರಂಜಕ, ಪೊಟ್ಯಾಷ್ ಬಳಕೆ 2009-10ರಲ್ಲಿ 4.3:2:1 ಇದ್ದದ್ದು 2012-13ಕ್ಕೆ 8.2:3.2:1 ಆಯಿತು. ಭತ್ತದ ಗದ್ದೆ ಕಡುಹಸಿರಾಗಿ ಕಂಡು ಆಮೇಲೆ ಅಡ್ಡ ಬೀಳುವುದು, ಬೆಂಕಿ ರೋಗಕ್ಕೂ ಜಿಗಿಹುಳುವಿಗೂ ಬೇಗ ಸಿಕ್ಕುವುದು ಈ ಅತಿ ಸಾರಜನಕದಿಂದಲೇ. ಜನರು ಬೆಲೆ ನೋಡಿ ನಡೆಯುತ್ತಾರೆ ಎಂಬುದೇ ನಮ್ಮ ವಾದದ ಬುಡ. ಆ ಬುಡಕ್ಕೆ ‘ದುರಾಸೆ’ ಎಂಬ ಒಂದು ಪದದಿಂದ ಕೊಡಲಿ ಹಾಕಿದ್ದೀರಿ. ತೆಗೆದುಹಾಕಿ.

ಎರಡನೇ ದೋಷ ಕೊನೆಯಲ್ಲಿದೆ: “ಆದ್ದರಿಂದ ಎಲ್ಲ ಸಬ್ಸಿಡಿಗಳನ್ನು ನಾಳೆಯಿಂದಲೇ ನಿಲ್ಲಿಸಬೇಕು.”

ಯಾವುದನ್ನು ಮೊದಲು? ಯಾವ ತಿಂಗಳಲ್ಲಿ? ಕಡಿತದ ವಿಷಯದಲ್ಲಿ ಅನುಕ್ರಮ ತಪ್ಪಿದರೆ ಕಡಿತವೇ ಕೆಟ್ಟ ಹೆಸರು ತಗೊಳ್ಳುತ್ತದೆ. 1992ರ ಆಗಸ್ಟ್ 25ರಂದು ಸರ್ಕಾರ ರಂಜಕ, ಪೊಟ್ಯಾಷ್ ಗೊಬ್ಬರಗಳ ದರ ನಿಯಂತ್ರಣ ತೆಗೆದು, ಅದೇ ಹೊತ್ತಿಗೆ ಯೂರಿಯಾ ದರವನ್ನು ಶೇ 10 ಇಳಿಸಿತು. ಡಿಎಪಿ, ಪೊಟ್ಯಾಷ್ ದುಬಾರಿಯಾದವು, ಯೂರಿಯಾ ಇನ್ನಷ್ಟು ಅಗ್ಗವಾಯಿತು. ಒಂದೇ ವರ್ಷದಲ್ಲಿ ಬಳಕೆಯ ಪ್ರಮಾಣ 5.9:2.4:1ರಿಂದ 9.5:3.2:1ಕ್ಕೆ ಹೋಯಿತು. ಅರ್ಧ ಬಿಡಿಸಿ ಅರ್ಧ ಕಟ್ಟಿಹಾಕಿದ್ದರ ಫಲ ಅದು. ನಿಮ್ಮ ಲೇಖನದಲ್ಲಿ 1992 ಇಲ್ಲವೇ ಇಲ್ಲ. ಬದಲಿಗೆ ನ್ಯೂಜಿಲೆಂಡ್ 1984ರಲ್ಲಿ “ಒಂದೇ ದಿನ” ಎಲ್ಲ ನಿಲ್ಲಿಸಿತು ಎಂದಿದೆ. ಅಲ್ಲಿಯೂ ಹಂತ ಹಂತವಾಗಿ ನಿಂತದ್ದು. ಜೊತೆಗೆ ಅಲ್ಲಿನ ಡಾಲರಿನ ಮೌಲ್ಯ ಇಳಿಸಿ, ಆಮೇಲೆ ಅದನ್ನು ಮಾರುಕಟ್ಟೆಗೇ ಬಿಟ್ಟರು, ರೈತರ ಹಳೆಯ ಸಾಲವನ್ನು ಮರುಹೊಂದಿಸಿಕೊಟ್ಟರು, ಹೊಲ ಬಿಟ್ಟು ಹೋಗುವವರಿಗೆ ಒಂದು ಬಾರಿಯ ನೆರವು ಕೊಟ್ಟರು.

ಈಗ ಎಕರೆಗೆ ಇಳಿಸೋಣ. ನೀರಾವರಿ ಮೆಕ್ಕೆಜೋಳಕ್ಕೆ ಶಿಫಾರಸು ಎಕರೆಗೆ ಸುಮಾರು 60 ಕೆಜಿ ಸಾರಜನಕ, 30 ಕೆಜಿ ರಂಜಕ. ರಂಜಕಕ್ಕೆ 65 ಕೆಜಿ ಡಿಎಪಿ ಹಾಕಿದರೆ ಅದರಿಂದ 12 ಕೆಜಿಯಷ್ಟು ಸಾರಜನಕ ಬಂತು. ಉಳಿದದ್ದಕ್ಕೆ 105 ಕೆಜಿ ಯೂರಿಯಾ, ಅಂದರೆ ಎರಡೂ ಕಾಲು ಚೀಲ ಮಿಕ್ಕಿ. ಈಗಿನ ದರದಲ್ಲಿ ಸುಮಾರು 620 ರೂಪಾಯಿ. ಚೀಲದ ನಿಜವಾದ ಖರ್ಚು ಸುಮಾರು 2,200 ಎಂದು 2023ರಲ್ಲಿ ಕೇಂದ್ರವೇ ಹೇಳಿತ್ತು. ಆ ಲೆಕ್ಕದಲ್ಲಿ 5,100 ದಾಟುತ್ತದೆ. ಎಕರೆಗೆ 4,500 ರೂಪಾಯಿಯ ಅಂತರ, ಅದೂ ಬಿತ್ತನೆಗೂ ಮೇಲುಗೊಬ್ಬರಕ್ಕೂ ದುಡ್ಡು ಬೇಕಾದ ಹೊತ್ತಿಗೆ, ಕೈಯಲ್ಲಿ ಬಿಡಿಗಾಸಿಲ್ಲದಾಗ. ‘ನಾಳೆಯಿಂದಲೇ’ ಎಂದು ಬರೆಯುವ ಮುನ್ನ ಆ ನಾಳೆ ಜುಲೈನಲ್ಲಿ ಬೀಳುತ್ತದೋ ಫೆಬ್ರವರಿಯಲ್ಲೋ ನೋಡಬೇಕಿತ್ತು.

ದುಡ್ಡನ್ನು ಕಾರ್ಖಾನೆಗೆ ಕೊಡುವ ಬದಲು ಎಕರೆ ಲೆಕ್ಕದಲ್ಲಿ ಬೆಳೆಗಾರನ ಖಾತೆಗೆ ಹಾಕಿ, ವರ್ಷ ವರ್ಷ ಅದನ್ನೂ ಇಳಿಸುತ್ತಾ ಹೋಗುವುದು ನನಗೆ ಕಾಣುವ ದಾರಿ. ದುಡ್ಡು ಮೇ ಮುಗಿಯುವುದರೊಳಗೆ ಬರಬೇಕು. ಆತ ಅದನ್ನು ಯೂರಿಯಾಗೆ ಹಾಕಲಿ, ಕೊಟ್ಟಿಗೆ ಗೊಬ್ಬರಕ್ಕೆ ಹಾಕಲಿ, ಮಗಳ ಫೀಸು ಕಟ್ಟಲಿ, ಅವನಿಷ್ಟ. ಆದರೆ ಇಲ್ಲೊಂದು ಗಂಟಿದೆ, ಅದನ್ನು ನೀವು ಬಿಡಿಸಲೇಬೇಕು. ಕರ್ನಾಟಕದಲ್ಲಿ 1974ರ ಭೂಸುಧಾರಣೆ ತಿದ್ದುಪಡಿ ಜಮೀನು ಗುತ್ತಿಗೆಗೆ ಕೊಡುವುದನ್ನು, ಸೈನಿಕರಂಥ ಕೆಲವರ ಹೊರತು, ನಿಷೇಧಿಸಿದೆ. ಗುತ್ತಿಗೆ ನಿಂತಿಲ್ಲ, ಲಾವಣಿ, ಕೋರು, ವಾರ ಎಂಬ ಹೆಸರಲ್ಲಿ ಬಾಯಿಮಾತಿನಲ್ಲೇ ನಡೆದಿದೆ. ಪಹಣಿಯಲ್ಲಿ ಲಾವಣಿ ಮಾಡುವವನ ಹೆಸರು ಬರೆಸಲು ಭೂಮಾಲೀಕ ಒಪ್ಪುವುದಿಲ್ಲ, ಜಮೀನೇ ಹೋದೀತೆಂಬ ಭಯ. ಪಹಣಿ ನೋಡಿ ದುಡ್ಡು ಹಾಕಿದರೆ ಅದು ಪೇಟೆಯಲ್ಲಿರುವ ಮಾಲೀಕನಿಗೆ ಸೇರುತ್ತದೆ. 2,200 ಕೊಟ್ಟು ಚೀಲ ಹೊರುವವನು ಲಾವಣಿದಾರ. ಅಂದರೆ ಸಬ್ಸಿಡಿ ತೆಗೆಯುವ ಮುನ್ನ ಈ ನಿಷೇಧ ತೆಗೆಯಬೇಕು. ಸರ್ಕಾರದ ಒಂದು ಕಟ್ಟು ಇನ್ನೊಂದನ್ನು ಬಿಗಿಹಿಡಿದಿದೆ ಎಂದು ತೋರಿಸಲು ನಿಮಗೆ ಇಂಥ ಉದಾಹರಣೆ ಬೇರೆ ಸಿಗಲಾರದು.

ದರ ಏರಿಸುವ ಬಗೆಗೆ ನ್ಯೂಜಿಲೆಂಡ್ ತನಕ ಹೋಗಬೇಕಿಲ್ಲ. 2013ರ ಜನವರಿಯಿಂದ ಡೀಸೆಲ್ ದರ ತಿಂಗಳಿಗೆ 50 ಪೈಸೆಯಂತೆ ಏರಿತು. ಕಚ್ಚಾ ತೈಲ ಇಳಿದ ಗಳಿಗೆ ನೋಡಿ 2014ರ ಅಕ್ಟೋಬರಿನಲ್ಲಿ ಸರ್ಕಾರ ದರವನ್ನೇ ಮಾರುಕಟ್ಟೆಗೆ ಬಿಟ್ಟುಕೊಟ್ಟಿತು. ಇದನ್ನು ಯೂರಿಯಾಗೆ ಹಾಗೇ ಅಂಟಿಸಬೇಡಿ. 50 ಪೈಸೆ ಆಗಿನ ಡೀಸೆಲ್ ದರದ ಶೇ 1ರಷ್ಟು, ಅಷ್ಟಕ್ಕೆ ಯಾರೂ ಡ್ರಮ್ ತುಂಬಿಡಲಿಲ್ಲ. ಯೂರಿಯಾ ಚೀಲಕ್ಕೆ ತಿಂಗಳಿಗೆ 50 ರೂಪಾಯಿ ಏರಿಸಿದರೆ 39 ತಿಂಗಳಲ್ಲಿ ಅಂತರ ಮುಚ್ಚುತ್ತದೆ, ನಿಜ. ಆದರೆ ಮೊದಲ ತಿಂಗಳಿನ ಏರಿಕೆಯೇ ಶೇ 19. ಗೋದಾಮಿನಲ್ಲೂ ಮನೆ ಪಡಸಾಲೆಯಲ್ಲೂ ಚೀಲ ಪೇರಿಸಿಡುತ್ತಾರೆ, ಮಳೆಗಾಲದ ತೇವಕ್ಕೆ ಅದು ಗಂಟು ಕಟ್ಟುತ್ತದೆ, ಪತ್ರಿಕೆಗಳು ‘ಗೊಬ್ಬರದ ಅಭಾವ’ ಎಂದು ಬರೆಯುತ್ತವೆ. ಮೊದಲ ವರ್ಷ ತಿಂಗಳಿಗೆ ಐದು, ಹತ್ತು ರೂಪಾಯಿಯಂಥ ಸಣ್ಣ ಏರಿಕೆ, ದರ ಮೇಲೇರಿದಂತೆ ಹೆಜ್ಜೆಯೂ ದೊಡ್ಡದು: ಇದು ನನ್ನ ಅಂದಾಜು. ನೀವು ಇದಕ್ಕಿಂತ ಚೆನ್ನಾಗಿ ಲೆಕ್ಕ ಹಾಕಿದರೆ ಸಂತೋಷದಿಂದ ಅದನ್ನೇ ಹಾಕುತ್ತೇನೆ.

ಉಪಸಂಹಾರದ ಪ್ಯಾರಾ ಪೂರ್ತಿ ಬಿಡಿ. ಅದರ ಜಾಗಕ್ಕೆ ಲಾವಣಿಯ ಭಾಗ ಬರಲಿ. ಗೊಬ್ಬರದ ಅಂಗಡಿಯ ಒಂದು ರಸೀದಿ ತಂದು ಎದುರಿಗಿಟ್ಟುಕೊಂಡು ಮೊದಲ ಪ್ಯಾರಾ ಬರೆಯಿರಿ. ರೈತ ಕೊಟ್ಟ ದರವೂ ಸರ್ಕಾರ ಭರಿಸಿದ ಸಬ್ಸಿಡಿಯೂ ಅದರಲ್ಲೇ ಇರುತ್ತವೆ. 1,200 ಪದ ಮೀರದಿರಲಿ. ಮುಂಗಾರು ಬಿತ್ತನೆಗೆ ಮೊದಲು ಕೈಸೇರಿದರೆ ಆ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ಇತಿ,
ಸಂಪಾದಕ