ಕೆಲಸ ಬಿಟ್ಟು ಬರೆಯಲೇ?

ಪ್ರಶ್ನೆ: ಸಾರ್, ನಾನು ರೇಷ್ಮೆ ನೂಲು ತೆಗೆಯುವ ಕಡೆ ಲೆಕ್ಕ ಬರೆಯುತ್ತೇನೆ. ಬೆಳಗ್ಗೆ ಗೂಡಿನ ಮಾರುಕಟ್ಟೆ, ಆಮೇಲೆ ಸಂಜೆವರೆಗೂ ಲೆಕ್ಕದ ಪುಸ್ತಕ. ಕೆಲವು ಕತೆಗಳು ಅಚ್ಚಾಗಿವೆ. ಕೆಲಸ ಬಿಟ್ಟು ಬರೀತಾ ಇರೋಣ ಅನ್ನಿಸುತ್ತಿದೆ. ಪ್ರಕಾಶಕರೊಬ್ಬರು ಸಂಕಲನ ತರುತ್ತಾರಂತೆ, ಆದರೆ ‘ಎಲ್ಲ ಹಕ್ಕೂ ಶಾಶ್ವತವಾಗಿ ಪ್ರಕಾಶಕರದು’ ಅನ್ನೋ ಕಾಗದಕ್ಕೆ ಸಹಿ ಕೇಳುತ್ತಿದ್ದಾರೆ. ಹಾಕಲೇ? ಒಂದು ಕತೆ ಜೊತೆಗಿಟ್ಟಿದ್ದೇನೆ.
– ಓದುಗ, ಶಿಡ್ಲಘಟ್ಟ

ಉತ್ತರ: ಕೆಲಸ ಬಿಡಬೇಡಿ. ಕತೆ ಪುಸ್ತಕದ ಗೌರವಧನ ನಂಬಿಕೊಂಡು ಕನ್ನಡದಲ್ಲಿ ಸಂಸಾರ ನಡೆಸೋದು ತುಂಬ ಕಷ್ಟ. ನಿಮ್ಮ ಪಕ್ಕದ ಕೋಲಾರ ಜಿಲ್ಲೆಯ ಮಾಸ್ತಿಯವರು, 1983ರ ಜ್ಞಾನಪೀಠ ಪಡೆದವರು, ಮೈಸೂರು ಸರ್ಕಾರದ ನೌಕರಿ ಮಾಡುತ್ತಲೇ ಸಣ್ಣಕತೆ ಬರೆದರು.

ದುಡ್ಡಿನ ಮಾತು ಹಾಗಿರಲಿ, ನಿಮ್ಮ ಕತೆ ಓದಿದೆ. ನೂಲು ತೆಗೆಯೋಕೆ ಗೂಡು ಕೊಳ್ಳುವ ರೀಲರ್ ಒಂದು ಗೂಡೆತ್ತಿ ಕಿವಿ ಹತ್ತಿರ ಅಲ್ಲಾಡಿಸುತ್ತಾನೆ, ಕತ್ತರಿಸಿ ಒಳಗಿನ ಹುಳ ನೋಡುತ್ತಾನೆ, ಏನೂ ಹೇಳದೆ ಮುಂದಿನ ರಾಶಿಗೆ ಹೋಗುತ್ತಾನೆ, ಅಷ್ಟು ಹೊತ್ತೂ ರೈತ ಅವನ ಮುಖವನ್ನೇ ನೋಡುತ್ತಾ ನಿಂತಿರುತ್ತಾನೆ. ಇದನ್ನು ದಿನಾ ಅಲ್ಲಿ ನಿಂತವರೇ ಬರೆಯಬೇಕು. ಆ ರೈತ ತೆಲುಗಿನಲ್ಲಿ ಗೊಣಗೋದನ್ನು ಹಾಗೇ ಬಿಟ್ಟಿದ್ದೀರಿ, ತುಂಬ ಚೆನ್ನಾಗಿದೆ, ಯಾರು ಹೇಳಿದರೂ ತಿದ್ದಬೇಡಿ. ಕತೆ ಬೆಂಗಳೂರಿನ ಕಾಫಿ ಅಂಗಡಿಗೆ ಹೋದ ಮೇಲೆ ಮಾತ್ರ ಸೊರಗಿದೆ. ಅಲ್ಲಿನ ಇಬ್ಬರೂ ಸುಮ್ನೆ ಮಾತಾಡುತ್ತಾರೆ, ಯಾರಿಗೂ ಏನೂ ಆಗಬೇಕಾಗಿಲ್ಲ. ಆ ಭಾಗ ತೆಗೆದು ಇನ್ನೊಂದು ಸಲ ಬರೆಯಿರಿ.

ಈಗ ಆ ಕಾಗದ. ಹಾಗೇ ಸಹಿ ಹಾಕಲೇಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ನಿಮ್ಮ ಕತೆಯ ಹಕ್ಕು ನಿಮ್ಮ ಜೀವನ ಪೂರ್ತಿ, ನಂತರವೂ 60 ವರ್ಷ ಇರುತ್ತೆ. ಹಕ್ಕು ವರ್ಗಾಯಿಸುವ ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದನ್ನು 5 ವರ್ಷ ಅಂತಲೇ ಕಾಯ್ದೆ ಲೆಕ್ಕ ಹಿಡಿಯುತ್ತೆ. ಆದರೆ ‘ಶಾಶ್ವತ’ ಅಂತ ಬರೆದುಕೊಟ್ಟಿರೋ, ನಿಮ್ಮ ಮಕ್ಕಳು ಆ ಕತೆಯನ್ನು ಮತ್ತೆ ಅಚ್ಚು ಹಾಕಿಸಬೇಕೆಂದರೂ ಪ್ರಕಾಶಕರನ್ನೇ ಕೇಳಬೇಕಾಗುತ್ತೆ. ಅದನ್ನು ಹೊಡೆದುಹಾಕಿಸಿ ‘ಮೊದಲ ಮುದ್ರಣಕ್ಕೆ ಮಾತ್ರ’ ಅಂತ ಬರೆಸಿ. ಸಿನಿಮಾ, ಅನುವಾದ, ಆಡಿಯೊ ಹಕ್ಕು ನಿಮ್ಮಲ್ಲೇ ಇರಲಿ. ಗೌರವಧನ ಎಷ್ಟು, ಯಾವಾಗ ಅಂತಲೂ ಬರೆಸಿ. ಕೇಳೋಕೆ ಸಂಕೋಚ ಬೇಡ, ನೀವು ಮಾಡಿದ ಕೆಲಸಕ್ಕೆ ಕೂಲಿ ಅದು.

ಒಪ್ಪದಿದ್ದರೆ ಬಿಡಿ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತೆ, ಅರ್ಜಿ ಕರೆದಾಗ ಪತ್ರಿಕೆಗಳಲ್ಲಿ ಬರುತ್ತೆ. ಅಷ್ಟರೊಳಗೆ ಹಸ್ತಪ್ರತಿ ಟೈಪ್ ಮಾಡಿಸಿ ಇಟ್ಟುಕೊಂಡಿರಿ.