ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಐದು ದಿನ ಇರ್ತೀವಿ. ರಷ್ಯನ್ ಊಟ ತಿಳಿಯೋಕೆ ಫುಡ್ ಟೂರ್ ತಗೋಬೇಕಾ? ನಾನು ಸಸ್ಯಾಹಾರಿ (ಮೊಟ್ಟೆ, ಹಾಲು ಪರವಾಗಿಲ್ಲ), ನಮ್ಮವರು ಎಲ್ಲ ತಿಂತಾರೆ

ತಗೊಳ್ಳಿ. ಆದರೆ ಒಂದೇ ಒಂದು, ಅದೂ ಹೋದ ಮಾರನೇ ದಿನವೇ. ಕೊನೆಯ ದಿನಕ್ಕೆ ಇಟ್ಟುಕೊಂಡರೆ ದುಡ್ಡು ದಂಡ. ಆ ಮೂರು ಗಂಟೆಯಲ್ಲಿ ಏನನ್ನು ಏನಂತ ಕರೀತಾರೆ, ಎಲ್ಲಿ ಟ್ರೇ ಹಿಡಿದು ನಿಲ್ಲಬೇಕು, ಯಾವ ಸೂಪಿನ ತಳದಲ್ಲಿ ದನದ ಮಾಂಸ ಇರುತ್ತೆ ಅಂತ ಗೊತ್ತಾದರೆ, ಮಿಕ್ಕ ದಿನವೆಲ್ಲ ನೀವೇ ರಾಜರು.

ನಾನು ಹೋಗಿದ್ದು ಅಕ್ಕ, ಭಾವನ ಜೊತೆ, ಮೇ ಮೊದಲ ವಾರ. ನಾನೂ ನಿಮ್ಮ ಹಾಗೇ ಸೊಪ್ಪು-ಕಾಳಿನ ಗಿರಾಕಿ. ಭಾವ ಓಡಾಡೋದು ಯಾವುದನ್ನೂ ಬಿಡೋರಲ್ಲ.

ಟೂರ್ ಆರಿಸುವಾಗ ಮೊದಲು ಅದರ ದಾರಿ ನೋಡಿ. ನೆವ್‌ಸ್ಕಿ ಪ್ರಾಸ್ಪೆಕ್ಟ್‌ನ ದೊಡ್ಡ ಹೋಟೆಲ್‌ಗಳಲ್ಲಿ ಕ್ಯಾವಿಯಾರ್, ವೋಡ್ಕಾ ರುಚಿ ತೋರಿಸೋ ಟೂರ್‌ಗಳನ್ನು ಬಿಟ್ಟುಬಿಡಿ. ಒಂದು ಮಾರುಕಟ್ಟೆ, ಒಂದು ಸ್ತೊಲೊವಾಯಾ ಇರೋದನ್ನು ಹಿಡಿಯಿರಿ. ಸ್ತೊಲೊವಾಯಾ ಅಂದರೆ ಸೋವಿಯತ್ ಕಾಲದಿಂದ ಬಂದ ಕ್ಯಾಂಟೀನ್ ಪದ್ಧತಿ: ಟ್ರೇ ಎತ್ತಿಕೊಂಡು ಸಾಲಲ್ಲಿ ಸರಿಯುತ್ತಾ ಬೇಕಾದ್ದನ್ನು ಬೆರಳು ಮಾಡಿ ತೋರಿಸೋದು. ಭಾಷೆ ಬಾರದವರಿಗೆ ಇದಕ್ಕಿಂತ ಸುಖ ಇಲ್ಲ.

ನಮ್ಮದು ಶುರುವಾಗಿದ್ದು ವ್ಲಾದಿಮಿರ್ಸ್ಕಾಯಾ ಮೆಟ್ರೋ ಪಕ್ಕದ ಕುಜ್ನೆಚ್ನಿ ಮಾರುಕಟ್ಟೆಯಲ್ಲಿ. ದಸ್ತಯೇವ್‌ಸ್ಕಿ ಕೊನೆಯ ದಿನಗಳಲ್ಲಿ ಇದ್ದ ಮನೆ ಅಲ್ಲೇ ಹತ್ತಿರ, ಈಗ ಮ್ಯೂಸಿಯಂ. ಒಳಗೆ ಕಾಲಿಟ್ಟ ಕೂಡಲೇ ಒಬ್ಬ ಅಜ್ಜಿ ಬಕೆಟ್ಟಿಂದ ಹುಳಿ ಬರಿಸಿದ ಎಲೆಕೋಸನ್ನು ಫೋರ್ಕಿನಲ್ಲಿ ಎತ್ತಿ ಸೀದಾ ನನ್ನ ಅಂಗೈಗೆ ಹಾಕಿದರು. ಪಕ್ಕದಲ್ಲಿ ಸೌತೆಕಾಯಿ. ನಮ್ಮ ಉಪ್ಪಿನಕಾಯಿ ಅಂದುಕೊಂಡು ಬಾಯಿಗಿಟ್ಟರೆ ಎಣ್ಣೆ ಇಲ್ಲ, ಖಾರ ಇಲ್ಲ. ಬರೀ ಉಪ್ಪುನೀರು, ಬೆಳ್ಳುಳ್ಳಿ. ಹುಳಿ ಮಾತ್ರ ತಾನಾಗೇ ಬಂದದ್ದು, ದೋಸೆ ಹಿಟ್ಟಿಗೆ ಬರೋ ಹಾಗೆ. ಜಾಡಿಯೊಳಗೆ ಛತ್ರಿಯಂತೆ ಬಿರಿದ ಹೂವಿನ ತೆನೆ ಕಂಡು ಅಕ್ಕ 'ಅಯ್ಯೋ ಇದು ಸಬ್ಬಸಿಗೆ ಕಣೇ' ಅಂದಳು. ಹೌದು, ಸಬ್ಬಸಿಗೆ ಸೊಪ್ಪೇ. ಅಲ್ಲಿ ಅದಿಲ್ಲದೆ ಸೂಪಿಲ್ಲ, ಆಲೂಗಡ್ಡೆ ಇಲ್ಲ. ನಾವು ಅಕ್ಕಿ ರೊಟ್ಟಿಗೆ ಹಾಕ್ತೀವಿ ಅಂದಾಗ ಗೈಡ್ ಹುಡುಗಿ 'ಹಿಟ್ಟಿನೊಳಗೇನಾ?' ಅಂತ ಎರಡು ಸಲ ಕೇಳಿದಳು.

ಅದೇ ಋತುವಿನಲ್ಲಿ ಹೋದರೆ ನಿಮ್ಮವರಿಗೆ ಕೊರ್ಯುಶ್ಕಾ ಸಿಗುತ್ತೆ. ಏಪ್ರಿಲ್-ಮೇ ಹೊತ್ತಿಗೆ ನೆವಾ ನದಿಗೆ ಏರಿ ಬರೋ ಬೆರಳುದ್ದದ ಮೀನು. ತಮಾಷೆ ಅಂದರೆ ಹಸಿ ಮೀನಿಗೆ ಥೇಟ್ ಸೌತೆಕಾಯಿ ವಾಸನೆ! ಮೀನಿನ ಹತ್ತಿರ ಸುಳಿಯದ ನಾನೂ ಮೂಗು ಹತ್ತಿರ ತಂದು ನೋಡಿದೆ, ಸುಳ್ಳಲ್ಲ. ಹಿಟ್ಟಲ್ಲಿ ಹೊರಳಿಸಿ ಗರಿಗರಿ ಹುರಿದು ಕೊಡ್ತಾರೆ. ಭಾವ ಎರಡು ತಟ್ಟೆ ಮುಗಿಸಿದರು.

ಇನ್ನು ನಿಮ್ಮ ಸಮಸ್ಯೆಗೆ ಬರ್ತೀನಿ. ಟೂರ್ ಮಾರನೇ ದಿನ ಒಂದು ಹೋಟೆಲಲ್ಲಿ 'ಬೆಜ್ ಮ್ಯಾಸಾ', ಅಂದರೆ ಮಾಂಸ ಬೇಡ, ಅಂತ ಹೇಳಿ ಷ್ಚೀ ತರಿಸಿದೆ. ಎಲೆಕೋಸಿನ ಸೂಪು. 'ಷ್ಚೀ, ಗಂಜಿ, ಇದೇ ನಮ್ಮ ಊಟ' ಅಂತ ರಷ್ಯನ್ನರದೇ ಗಾದೆ ಇದೆ, ನಮ್ಮ ಮುದ್ದೆ-ಸಾರಿನ ಹಾಗೆ. ನಾಲ್ಕು ಚಮಚ ಆದಮೇಲೆ ಅನುಮಾನ ಬಂದು ಕೇಳಿದರೆ, 'ತುಂಡು ಹಾಕಿಲ್ಲವಲ್ಲ' ಅಂದಳು ಬಡಿಸಿದವಳು. ದನದ ಮೂಳೆ ಬೇಯಿಸಿದ ನೀರಲ್ಲಿ ಮಾಡಿದ್ದು. ಅವಳ ಲೆಕ್ಕದಲ್ಲಿ ಅವಳು ಸರಿ. ಅದಕ್ಕೇ ಇನ್ನೊಂದು ಪದ ಕಲಿತುಕೊಳ್ಳಿ: ಬುಲ್ಯೋನ್, ಅಂದರೆ ಸೂಪಿಗೆ ಹಾಕೋ ಬೇಯಿಸಿದ ನೀರು. ಯಾವ ಸೂಪಾದರೂ ಬುಲ್ಯೋನ್ ಯಾವುದರದ್ದು ಅಂತ ಕೇಳಿ. ಅದಕ್ಕಿಂತ ಬೆಲೆಬಾಳೋ ಪದ 'ಪೋಸ್ತ್ನೊಯೆ', ಅಂದರೆ ಉಪವಾಸದ್ದು. ಆರ್ಥೊಡಾಕ್ಸ್ ಕ್ರೈಸ್ತರು ಈಸ್ಟರ್‌ಗೆ ಮುಂಚೆ ಏಳು ವಾರ, ಕ್ರಿಸ್ಮಸ್‌ಗೆ ಮುಂಚೆ ನವೆಂಬರ್ 28ರಿಂದ ಜನವರಿ 6ರವರೆಗೆ ಮಾಂಸ, ಹಾಲು, ಮೊಟ್ಟೆ ಬಿಡ್ತಾರೆ. ಆಗ ಎಷ್ಟೋ ಹೋಟೆಲ್‌ಗಳಲ್ಲಿ ಪೋಸ್ತ್ನೊಯೆ ಮೆನು ಬೇರೆಯೇ ಇರುತ್ತೆ. ಕೆಲವು ದಿನ ಮೀನಿಗೆ ರಿಯಾಯ್ತಿ ಇದೆ, ಅದೊಂದು ನೋಡಿಕೊಳ್ಳಿ.

ಉಪವಾಸದ ಕಾಲ ಅಲ್ಲದಿದ್ದರೂ ಉಪವಾಸ ಬೀಳಲ್ಲ. ಆಲೂಗಡ್ಡೆ ಅಥವಾ ಚೆರಿ ತುಂಬಿದ ವರೇನಿಕಿ (ಕರ್ಜಿಕಾಯಿ ಆಕಾರ, ಆದರೆ ನೀರಲ್ಲಿ ಬೇಯಿಸಿದ್ದು), ಮೇಲೆ ಸ್ಮೆತಾನಾ ಅನ್ನೋ ಹುಳಿ ಕೆನೆ, ಎಲೆಕೋಸಿನ ಪಿರೋಜ್ಕಿ (ಒಳಗೆ ಪಲ್ಯ ತುಂಬಿದ ಪುಟ್ಟ ಬನ್ನು), ಅಣಬೆ ಹಾಕಿದ ಬಕ್‌ವೀಟ್, ಉತ್ತರದವರು ವ್ರತಕ್ಕೆ ತಿನ್ನೋ ಕುಟ್ಟು. ಊರೆಲ್ಲ ಅದನ್ನು ಗ್ರೆಚ್ಕಾ ಅಂದರೆ ಪೀಟರ್ಸ್‌ಬರ್ಗ್‌ನವರು ಗ್ರೆಚಾ ಅಂತಾರೆ. ಹಾಗಂದು ನೋಡಿ, ಮುಖ ಅರಳುತ್ತೆ. ಬೋರ್ಷ್ಟ್ ಅನ್ನೋ ಬೀಟ್‌ರೂಟ್ ಸೂಪಿನ ಬಗ್ಗೆ ಮಾತ್ರ 'ರಷ್ಯದ್ದು' ಅಂತ ವಾದಕ್ಕಿಳಿಯಬೇಡಿ. ಉಕ್ರೇನಿನ ಬೋರ್ಷ್ಟ್ ಸಂಸ್ಕೃತಿಯನ್ನು 2022ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿಸಿದೆ. ನಮ್ಮ ರಿಸೆಪ್ಷನ್ ಬಫೆಗಳ 'ರಷ್ಯನ್ ಸಲಾಡ್' ಅಲ್ಲಿ ಹುಡುಕಬೇಡಿ, ಅಲ್ಲಿ ಅದರ ಹೆಸರು ಒಲಿವ್ಯೆ. ಸಾಮಾನ್ಯವಾಗಿ ಸಾಸೇಜ್ ಇರುತ್ತೆ.

ಒಂದು ವಿಷಯ ಟೂರ್ ಇಲ್ಲದಿದ್ದರೆ ನನಗೆ ತಿಳೀತಾನೇ ಇರಲಿಲ್ಲ. ಸ್ತೊಲೊವಾಯಾದಲ್ಲಿ ಭಾವ ಕಪ್ಪು ರೈ ಬ್ರೆಡ್ಡು ಹುಳಿ ಅಂತ ಟ್ರೇಯಲ್ಲೇ ಬಿಟ್ಟು ಎದ್ದರು. ಗೈಡ್ ಏನೂ ಅನ್ನದೆ ಆ ತುಂಡುಗಳನ್ನು ಪೇಪರಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಹೊರಗೆ ಬಂದಮೇಲೆ ಅಕ್ಕ ಕೇಳಿದಳು. 1941ರ ಸೆಪ್ಟೆಂಬರ್‌ನಿಂದ 872 ದಿನ ಈ ಊರಿಗೆ ಜರ್ಮನ್ ಸೇನೆ ಮುತ್ತಿಗೆ ಹಾಕಿತ್ತಲ್ಲ, ಆಗಿನ ಲೆನಿನ್‌ಗ್ರಾಡ್. ಆ ವರ್ಷ ನವೆಂಬರ್ 20ರಿಂದ ಡಿಸೆಂಬರ್ 25ರವರೆಗೆ ಮಕ್ಕಳಿಗೆ, ದುಡಿಯದವರಿಗೆ ದಿನಕ್ಕೆ 125 ಗ್ರಾಂ ಬ್ರೆಡ್ಡು. ಅದರಲ್ಲೂ ಹತ್ತಿಬೀಜದ ಹಿಂಡಿ, ಮರದ ಸೆಲ್ಯುಲೋಸ್ ಬೆರೆತಿತ್ತು. ಅಂಗೈ ಮೇಲೆ ಬೆರಳಿಂದ ಗೆರೆ ಎಳೆದು ಇಷ್ಟು ಅಂತ ತೋರಿಸಿದಳು. ಮನೆಯಲ್ಲಿ ಅಜ್ಜಿ ಚೂರು ಬಿಸಾಡೋಕೂ ಬಿಡ್ತಿರಲಿಲ್ಲವಂತೆ. ಭಾವ ಆಮೇಲೆ ಎಲ್ಲೂ ಬ್ರೆಡ್ಡು ಬಿಡಲಿಲ್ಲ. ಮೇಲೆ ಕೊತ್ತಂಬರಿ ಬೀಜ ಉದುರಿಸಿದ ಬೊರೊದಿನ್‌ಸ್ಕಿ ಬ್ರೆಡ್ಡು ಅವರಿಗೆ ಕೊನೆಗೆ ಇಷ್ಟಾನೂ ಆಯ್ತು.

ಹ್ಞಾಂ, ದುಡ್ಡು. ನಮ್ಮ ವೀಸಾ, ಮಾಸ್ಟರ್‌ಕಾರ್ಡ್ 2022ರ ಮಾರ್ಚ್‌ನಿಂದ ಅಲ್ಲಿ ನಡೆಯಲ್ಲ. ನಗದು ಒಯ್ಯಿರಿ.

ಟೂರ್‌ನಲ್ಲಿ ಇರಲಿ ಬಿಡಲಿ, ಬೊಲ್ಶಾಯಾ ಕೊನ್ಯುಶೆನ್ನಾಯಾ ರಸ್ತೆಯ 25ನೇ ನಂಬರಿಗೆ ಹೋಗಿ. 1958ರಿಂದ ಇರೋ ಪಿಶ್ಕಾ ಅಂಗಡಿ. ಉದ್ದಿನವಡೆ ಆಕಾರದ ಮೈದಾ ಪಿಶ್ಕಾ, ಮೇಲೆ ಸಕ್ಕರೆ ಪುಡಿ. ಕಂಡೆನ್ಸ್ಡ್ ಹಾಲು ಮೊದಲೇ ಬೆರೆತ ಕಾಫಿ, ಸಕ್ಕರೆ ಕಮ್ಮಿ ಅಂತ ಕೇಳೋ ಹಾಗಿಲ್ಲ. ಕೈ ಒರೆಸೋಕೆ ಕತ್ತರಿಸಿದ ಕಾಗದದ ಚೂರು, ಅದರಿಂದ ಏನೂ ಒರೆಸಲ್ಲ. ಕಪ್ಪು ಕೋಟು ಹಾಕಿಕೊಂಡು ಹೋಗಬೇಡಿ. ತಲೆಗೆ ಐದು ತಗೊಳ್ಳಿ, ಅಲ್ಲೇ ಬಿಸಿಬಿಸಿ ತಿನ್ನಿ. ರೂಮಿಗೆ ಕಟ್ಟಿಸಿಕೊಂಡು ಬಂದರೆ ಅರ್ಧ ಗಂಟೆಗೆ ರಬ್ಬರು.