ಪ್ರತಿ: ಗೋವಿನಜೋಳದ ನಡುವಿನ ಸೋಯಾ ಬೀಳುತ್ತಿದೆ, ಪೊಟ್ಯಾಷ್ ಹಾಕಲೇ?

ಗೋವಿನಜೋಳದ ಪಕ್ಕದ ಸೋಯಾ ಸಾಲೇ ಹೆಚ್ಚು ಬೀಳುತ್ತಿದೆ ಅಂದಿದ್ದೀರಿ, ಹಾಗಾದರೆ ಮೊದಲ ಕಾರಣ ನೆರಳು. ಬೆಳಕಿಗೆ ಗಿಡ ಎತ್ತರಕ್ಕೆ ಎಳೆದುಕೊಂಡು ಕಾಂಡ ಸಣ್ಣಗಾಗುತ್ತದೆ. ಮೇಲಾಗಿ ನೀವು ಹಾಕಿದ ಡಿಎಪಿಯಲ್ಲಿ (ಸಾರಜನಕ, ರಂಜಕದ ಗೊಬ್ಬರ) ಕಾಂಡ ಗಟ್ಟಿಯಾಗಲು ಬೇಕಾದ ಪೊಟ್ಯಾಷ್ ಇರುವುದೇ ಇಲ್ಲ.

ಮೊದಲು ಬಿದ್ದ ಗಿಡದ ಕಾಂಡ ಸೀಳಿ ನೋಡಿ. ಒಳಗೆ ಕೆಂಪಗೆ ಸುರಂಗ ಕಂಡರೆ ಅದು ಕಾಂಡದ ನೊಣ, ಗೊಬ್ಬರದ ಮಾತು ಬಿಡಿ. ಕಾಂಡ ಚೊಕ್ಕಟವಾಗಿದ್ದು, ಕೆಳಗಿನ ಎಲೆಗಳ ಅಂಚು ಹಳದಿಯಾಗಿ ಸುಟ್ಟಂತಿದ್ದರೆ ಪೊಟ್ಯಾಷ್ ಕೊರತೆ. ಹಾಗಿದ್ದರೆ ಮಣ್ಣು ಹಸಿ ಇರುವಾಗ ಎಕರೆಗೆ ಸುಮಾರು 17 ಕೆಜಿ ಎಂಒಪಿ (ಪೊಟ್ಯಾಷ್ ಗೊಬ್ಬರ) ಸಾಲಿನ ಬದಿಗೆ ಕೊಡಿ. ಯೂರಿಯಾ ಬೇಡವೇ ಬೇಡ. ಎರೆಭೂಮಿಯಲ್ಲಿ ಪೊಟ್ಯಾಷ್ ಸಾಕಷ್ಟಿರುವುದೂ ಉಂಟು. ಮಣ್ಣು ಪರೀಕ್ಷೆ ಇಲ್ಲದೆ ಎಷ್ಟು ಫಲ ಸಿಕ್ಕೀತು ಅಂತ ಹೇಳುವುದು ಕಷ್ಟ.

ಮುಂದಿನ ಮುಂಗಾರಿಗೆ ಗೋವಿನಜೋಳದ ಬದಲು ತೊಗರಿ ಹಾಕಿ, ಅದು ಹರಡುವಷ್ಟರಲ್ಲಿ ಸೋಯಾ ಕಟಾವಿಗೆ ಬಂದಿರುತ್ತದೆ.